ಬಲೆ ಎಲ್ಲಿ ಕಟ್ಬೇಕು ಅನ್ನೋದೇ ಪ್ರಶ್ನೆ

ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಕಾಡಲ್ಲಿ ಟೆಂಟ್ ತರದ ಬಲೆ ಕಟ್ಟಿ ಹೊಸದಾಗಿ ಬಂದ ಹುಳ, ಜೇಡ ಲೆಕ್ಕ ಇಡ್ತಾರೆ ಅಂತ ಬರ್ದಿದೀರಲ್ಲ ಸಾರ್, ಒಳ್ಳೆ ಕೆಲ್ಸ, ಸಾಸಿವೆ ಗಾತ್ರದ ಜೇಡ ಬಂದ್ರೆ ಬೇರೆ ಯಾರ ಕಣ್ಣಿಗೂ ಬೀಳಲ್ಲ. ಆದ್ರೆ ಮೂರು ತಿಂಗಳಿಗೊಂದ್ಸಲ ಬಲೇಲಿ ಹುಳ ಬೀಳೋ ಬಾಟ್ಲಿ ಬಿಚ್ಚಿ ನೋಡೋ ಹೊತ್ತಿಗೆ ಬಂದ ನೆಂಟ ಅಲ್ಲೇ ಸಂಸಾರ ಹೂಡಿರ್ತಾನೆ.

ಹವಾಯಿ ನೋಡಿ. 2013ರ ಡಿಸೆಂಬರ್‌ನಲ್ಲಿ ಓಆಹು ದ್ವೀಪದ ಪರ್ಲ್ ಹಾರ್ಬರ್ ಮಿಲಿಟರಿ ಬೇಸ್‌ನಲ್ಲಿ ತೆಂಗಿನ ಕೊಂಬಿನ ದುಂಬಿ ಸಿಕ್ತು, ನಮ್ಮ ಕರಾವಳಿ ಕಡೆ ಕುರುವಾಯಿ ಅಂತಾರಲ್ಲ ಅದೇ ಜಾತಿ. ದುಂಬಿ ಸೆಳೆಯೋ ವಾಸನೆ (ಫೆರೊಮೋನ್) ಹಾಕಿದ ಕಪ್ಪು ಟ್ರ್ಯಾಪ್ ಊರೆಲ್ಲಾ ನೇತಾಕಿದ್ರು, ಗೊಬ್ಬರದ ರಾಶಿ ಮೂಸಿ ಮರಿಹುಳ ಹಿಡಿಯೋಕೆ ನಾಯಿಗೂ ಟ್ರೇನಿಂಗ್ ಕೊಟ್ರು, ಆದ್ರೂ 2023ರಲ್ಲಿ ಕವಾಯಿ ದ್ವೀಪಕ್ಕೂ ದಾಟ್ತು. ಯಾಕಂದ್ರೆ ದುಂಬಿ ಕೊರಿಯೋದು ಸುಳಿ ಒಳಗೆ, ಆ ಗರಿ ಬಿಚ್ಕೊಂಡು ಕತ್ತರಿಲಿ ಕತ್ತರಿಸಿದಂಗೆ ತ್ರಿಕೋನದ ಗುರುತು ಕಾಣೋಷ್ಟರಲ್ಲಿ ಅದು ಎಷ್ಟೋ ದಿನದ ಹಿಂದೆನೇ ಬೇರೆ ಮರಕ್ಕೆ ಹೋಗಿರತ್ತೆ, ಜೊತೆಗೆ ಮಲ್ಚು, ಕಾಂಪೋಸ್ಟು, ನರ್ಸರಿ ಗಿಡದ ಜೊತೆ ಲಾರಿಲಿ ಆರಾಮಾಗಿ ಓಡಾಡತ್ತೆ. ಇಲ್ಲಿ ಕಬ್ಬಿಣದ ಕೊಕ್ಕೆ ಹಾಕಿ ಸುಳಿಯಿಂದ ಎಳೆದು ತೆಗೆಯೋರು ಇದ್ದಾರೆ, ಅಲ್ಲಿ ರಸ್ತೆ ಬದಿ, ಹೋಟೆಲ್ ಮುಂದೆ ಶೋಗೆ ನೆಟ್ಟ ಮರ ಹತ್ತೋರು ಯಾರು? ಅಲ್ಲಿಗೆ ಬಂದಿರೋ ತಳಿಗೆ ಈ ದುಂಬಿ ಸಾಯ್ಸೋಕೆ ಬಿಡೋ ಮಾಮೂಲಿ ವೈರಸ್ಸೂ ಅಷ್ಟಾಗಿ ನಾಟಲ್ಲ.

ನನ್ ಪ್ರಕಾರ ಕಾಡಿನ ಬಲೆ ಇರ್ಲಿ, ಆದ್ರೆ ಮೊದ್ಲು ಬಂದರು, ಏರ್‌ಪೋರ್ಟ್ ಕಾರ್ಗೋ, ನರ್ಸರಿ, ಹಸಿ ಕಸ ಸುರಿಯೋ ಜಾಗದಲ್ಲಿ ಕಟ್ಲಿ, ವಾರಕ್ಕೊಂದ್ಸಲ ನೋಡ್ಲಿ. ದುಡ್ಡೂ ವರ್ಷ ವರ್ಷ ಬರ್ಬೇಕು, ಹುಳ ಸಿಕ್ಕಿದ್ಮೇಲೆ ಮಾತ್ರ ಅಲ್ಲ.