ಕೊಳಲಲ್ಲ ಮಾರಾಯ್ರೇ, ಕಂಟೆಂಟು

ನನ್ನ ಗೆಳೆಯನೊಬ್ಬ ಕೊಳಲು ನುಡಿಸುತ್ತಾನೆ. ಮೊನ್ನೆ ಒಂದು ರಾಗವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹಾಕಿದ. ಅದಕ್ಕೆ 17 ಸಲ ನುಡಿಸಬೇಕಾಯಿತು. ಸದ್ದು ಬರುತ್ತದೆ ಅಂತ ಫ್ಯಾನ್ ಆಫ್, ಕಿಟಕಿ ಬಂದ್. ಮಂದ್ರ ಪಂಚಮಕ್ಕೆ, ಅಂದರೆ ಕೆಳಗಿನ ಸ್ಥಾಯಿಯ ಪ ಸ್ವರಕ್ಕೆ, ಇಳಿಯುವಾಗ ಪ್ರತಿ ಸಲವೂ ಸ್ವರ ಒಡೆಯುತ್ತಿತ್ತು. 17ನೇ ಸಲ, ಗಲ್ಲದ ಬೆವರು ಕೊಳಲಿಗೆ ತೊಟ್ಟಿಕ್ಕುತ್ತಿರುವಾಗ, ಒಡೆಯದೆ ನಿಂತಿತು. ಹಾಕಿದ ಮೇಲೆ ಬಂದ ಮೊದಲ ಮೆಚ್ಚುಗೆ: "ಸೂಪರ್ ಕಂಟೆಂಟ್ ಅಣ್ಣಾ!"

ಎಂಥ ಅನುಕೂಲದ ಪದ ಅಲ್ವಾ? ರಾಗ ಯಾವುದು ಅಂತ ಗೊತ್ತಿರಬೇಕಾಗಿಲ್ಲ. ಪೂರ್ತಿ ಕೇಳಬೇಕಾಗಿಯೂ ಇಲ್ಲ. ಕವನ ಕಂಟೆಂಟು, ರಂಗೋಲಿ ಕಂಟೆಂಟು, ಒಬ್ಬ ಮೆಟ್ಟಿಲಿಂದ ಜಾರಿ ಬಿದ್ದಿದ್ದೂ ಕಂಟೆಂಟು. ಇಷ್ಟು ಸಮಾನತೆಯನ್ನು ಯಾವ ಕ್ರಾಂತಿಯೂ ತಂದಿರಲಿಕ್ಕಿಲ್ಲ.

ಪಾಪ, ಈ ಪದಕ್ಕೂ ಒಂದು ಕಾಲದಲ್ಲಿ ಮರ್ಯಾದೆ ಇತ್ತು. ಸಿನಿಮಾ ನೋಡಿ ಬಂದವರು "ಕಂಟೆಂಟ್ ಇದೆ ಕಣೋ" ಅಂದರೆ ತಿರುಳಿದೆ ಅಂತ ಅರ್ಥ. ಈಗ "ಈ ಕಂಟೆಂಟಲ್ಲಿ ಕಂಟೆಂಟೇ ಇಲ್ಲ" ಅಂದರೂ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಹೆಸರಿಡೋದರಲ್ಲಿ ಕನ್ನಡ ಬಡವಾಗಿತ್ತಾ? ವಚನ, ಕೀರ್ತನೆ, ತ್ರಿಪದಿ, ಷಟ್ಪದಿ, ಲಾವಣಿ. ಹರಿಹರ ಬರೆದದ್ದು ರಗಳೆ. ಆಮೇಲೆ ರಗಳೆ ಅಂದರೆ ಕಿರಿಕಿರಿ ಅಂತಲೂ ಆಯಿತು, ಅದು ಬೇರೆ ಮಾತು. ಹಾಗೆ ನೋಡಿದರೆ ಈಗ ದಿನಾ ಫೋನಿಗೆ ಬಂದು ಬೀಳುವುದರಲ್ಲಿ ಅರ್ಧಕ್ಕೆ ಆ ಎರಡನೇ ಅರ್ಥವೇ ಚೆನ್ನಾಗಿ ಹೊಂದುತ್ತದೆ. "ಇವತ್ತು ಮೂರು ರಗಳೆ ಅಪ್‌ಲೋಡ್ ಮಾಡಿದೆ" ಅನ್ನಿ, ಯಾರೂ ತಕರಾರು ಮಾಡಲ್ಲ. ಇನ್ನು ಪಂಪ. ಒಂದು ಕಾವ್ಯಕ್ಕೆ ಆರು ತಿಂಗಳು, ಇನ್ನೊಂದಕ್ಕೆ ಮೂರು ತಿಂಗಳು ಅಂತ ಹೆಮ್ಮೆಯಿಂದ ಹೇಳಿಕೊಂಡ ಮನುಷ್ಯ. ಒಂಬತ್ತು ತಿಂಗಳಿಗೆ ಎರಡೇ ಪೋಸ್ಟ್! ಇವತ್ತಾಗಿದ್ದರೆ "ದಿನಾ ಏನಾದರೂ ಹಾಕ್ತಾ ಇರಿ, ಇಲ್ಲಾಂದ್ರೆ ರೀಚ್ ಬೀಳುತ್ತೆ" ಅಂತ ಯಾರೋ ಹುಡುಗ ಬುದ್ಧಿ ಹೇಳುತ್ತಿದ್ದ.

ಡಬ್ಬಿ ಮಾಡುವವನಿಗೆ ಒಳಗೆ ಏನಿದೆ ಅನ್ನೋದು ಮುಖ್ಯ ಅಲ್ಲ, ತುಂಬಿದ್ದರೆ ಸಾಕು. ಕಂಟೆಂಟ್ ಅನ್ನೋದು ಅವನ ಭಾಷೆ. 1996ರ ಜನವರಿಯಲ್ಲೇ ಬಿಲ್ ಗೇಟ್ಸ್ "ಕಂಟೆಂಟೇ ರಾಜ" ಅಂತ ತಲೆಬರಹ ಕೊಟ್ಟು ಲೇಖನ ಬರೆದರು. ಅದನ್ನು ತಯಾರಿಸುವವರಿಗೆ ದುಡ್ಡು ಸಿಗಬೇಕು ಅಂತಲೂ ಅದರಲ್ಲಿತ್ತು. ತಲೆಬರಹ ಮಾತ್ರ ಎಲ್ಲರಿಗೂ ಬಾಯಿಪಾಠವಾಯಿತು. 2023ರಲ್ಲಿ ನಟಿ ಎಮ್ಮಾ ಥಾಂಪ್ಸನ್, ಈ ಪದ ಕೇಳಿದರೆ ಸೋಫಾ ದಿಂಬಿನೊಳಗೆ ತುರುಕಿದ ಸಾಮಾನಿನ ಹಾಗೆ ಅನ್ನಿಸುತ್ತದೆ ಅಂದರು. ಮರುವರ್ಷವೇ, ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈನ ಯಜಮಾನ ಡೇನಿಯಲ್ ಏಕ್, ಕಂಟೆಂಟ್ ತಯಾರಿಸುವ ಖರ್ಚು ಈಗ ಹೆಚ್ಚುಕಡಿಮೆ ಸೊನ್ನೆ ಅಂತ ಬರೆದರು. ಸಂಗೀತಗಾರರು ಮೈಮೇಲೆ ಬಿದ್ದ ಮೇಲೆ, ನಾನು ಹೇಳಿದ್ದು ಸ್ಪಷ್ಟವಾಗಿರಲಿಲ್ಲ ಅಂತ ಸಮಜಾಯಿಷಿ ಕೊಟ್ಟರು.

ಸ್ಪಷ್ಟವಾಗಿಯೇ ಇತ್ತು ಸ್ವಾಮಿ. ಕೊಳಲು ಅಂದಿದ್ದರೆ ಸೊನ್ನೆ ಅನ್ನೋಕೆ ಬಾಯಿ ಬರುತ್ತಿರಲಿಲ್ಲ. ಹಾಡು ಅಂದರೆ ಹಾಡಿದವಳು ನೆನಪಾಗುತ್ತಾಳೆ. ಅವಳು ಕಲಿತ ವರ್ಷಗಳು, ಕಟ್ಟಿಕೊಂಡ ಗಂಟಲು, ಬಾಡಿಗೆ ಎಲ್ಲ ನೆನಪಾಗುತ್ತದೆ. ಅದಕ್ಕೇ ಹಾಡು ಅನ್ನಬಾರದು. ಕಂಟೆಂಟ್ ಅಂದರೆ ಹಾಡಿದವಳೇ ಇಲ್ಲ. ಇಲ್ಲದವರಿಗೆ ಎಷ್ಟು ಕೊಟ್ಟರೂ ಜಾಸ್ತಿಯೇ. ಇದನ್ನು ತಮಾಷೆಯಾಗಿ ಬರೆಯೋಣ ಅಂತಲೇ ಕೂತೆ, ಆಗ್ತಾ ಇಲ್ಲ.

ಗೆಳೆಯನಿಗೆ ಫೋನ್ ಮಾಡಿ "ಬೇಜಾರಾಯ್ತೇನೋ?" ಅಂತ ಕೇಳಿದೆ.

"ಯಾಕೆ? ಒಳ್ಳೇದೇ ಹೇಳಿದ್ದಾರಲ್ಲ!"

"ಆ ಪಂಚಮದ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದು 40ನೇ ಸೆಕೆಂಡಿಗೆ ಬರುತ್ತೆ ಕಣೋ. ಅಲ್ಲೀವರೆಗೆ ಯಾರು ಕೇಳ್ತಾರೆ? ಮುಂದಿನ ಕಂಟೆಂಟಲ್ಲಿ ಅದನ್ನ ಮೊದಲೇ ಹಾಕಿಬಿಡ್ತೀನಿ."