ಲದ್ದಿ ಬೇಕಾಗಿದೆ

ನದಿಮೂಲ, ಋಷಿಮೂಲ ಕೆದಕಬಾರದು ಎನ್ನುತ್ತಾರೆ. ಆ ಪಟ್ಟಿಗೆ ಗುಂಡಣಬೆಯ ಮೂಲವನ್ನೂ ಸೇರಿಸಬಹುದಿತ್ತು. ಅಂಗಡಿಯ ಫ್ರಿಜ್ಜಿನಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಮೇಲೊಂದು ತೆಳು ಹಾಳೆ ಹೊದ್ದು ಬೆಳ್ಳಗೆ ಕುಳಿತಿರುವ ಅದರ ಪೂರ್ವೋತ್ತರವನ್ನು ಕೆದಕುತ್ತಾ ಹೋದರೆ ಕೊನೆಗೆ ಸಿಗುವುದು ಕುದುರೆ ಲಾಯ. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ತೋಟಗಾರರು ಇದನ್ನು ಲದ್ದಿಯ ಪಾತಿಗಳ ಮೇಲೆ ಬೆಳೆಯುತ್ತಿದ್ದರು. ಮುಂದೆ, ಕಟ್ಟಡಗಳಿಗೆಂದು ಕಲ್ಲು ತೆಗೆದು ಖಾಲಿ ಬಿಟ್ಟಿದ್ದ ನೆಲದಡಿಯ ಸುರಂಗಗಳಿಗೇ ಲದ್ದಿ ಇಳಿಸಿ, ತಂಪಾದ ಕತ್ತಲಲ್ಲಿ ಬೆಳೆಯತೊಡಗಿದರು. ಫ್ರೆಂಚರು ಇಂದಿಗೂ ಅದನ್ನು ಪ್ಯಾರಿಸ್ ಅಣಬೆ ಎಂದೇ ಕರೆಯುತ್ತಾರೆ. ಊರ ತುಂಬ ಸಾರೋಟು, ಸಾರೋಟಿನ ಮುಂದೆ ಕುದುರೆ, ಕುದುರೆಯ ಹಿಂದೆ ಕಚ್ಚಾಮಾಲು.

ಮೈಸೂರಿನ ಅರಮನೆಯ ಬಳಿಯೂ ಟಾಂಗಾಗಳು ನಿಲ್ಲುತ್ತವೆ. ಪ್ಯಾರಿಸ್ಸಿಗೆ ಒಲಿದದ್ದು ನಮ್ಮ ಹಿತ್ತಲಿಗೆ ಏಕೆ ಒಲಿಯಬಾರದು?

ಕೇಳಿದವರೆಲ್ಲರೂ ಒಂದೇ ರಾಗ ಹಾಡಿದರು: "ಗುಂಡಣಬೆ ಬೇಡ, ಚಿಪ್ಪಣಬೆ ಬೆಳೆಯಿರಿ." ಚಿಪ್ಪಣಬೆಗೆ ಭತ್ತದ ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಅದ್ದಿ ತೆಗೆದು, ಬೀಜದೊಂದಿಗೆ ಚೀಲಕ್ಕೆ ತುಂಬಿ ನೇತುಹಾಕಿದರೆ ಆಯಿತು. ಗೊಬ್ಬರವಿಲ್ಲ, ವಾಸನೆಯಿಲ್ಲ, ತಿಂಗಳೊಪ್ಪತ್ತಿನಲ್ಲಿ ಬೆಳೆ ಕೈಗೆ. ಸೆಕೆಯ ಊರಿನವರಿಗೆ ಹಾಲಣಬೆಯೂ ಇದೆ. ಗುಂಡಣಬೆಗೋ ಬೀಜದಿಂದ ಎಳೆಗಳು ಹರಡುವಾಗ 22ರಿಂದ 25 ಡಿಗ್ರಿ ಬೇಕು, ಮೊಗ್ಗೊಡೆಯುವಾಗ 14ರಿಂದ 18 ಡಿಗ್ರಿ ಬೇಕು. ಅಣಬೆ ಸಂಶೋಧನಾ ನಿರ್ದೇಶನಾಲಯವಿರುವುದು ಹಿಮಾಚಲದ ಸೋಲನ್‌ನಲ್ಲಿ. 1997ರಲ್ಲಿ ಆ ಊರಿಗೆ ಅಣಬೆ ನಗರ ಎಂಬ ಬಿರುದೂ ಸಿಕ್ಕಿದೆ. ಇಷ್ಟೆಲ್ಲ ಕೇಳಿದ ಮೇಲೂ ನಾನು ಗುಂಡಣಬೆಗೇ ಅಂಟಿಕೊಂಡೆ. ಚಿಪ್ಪಣಬೆಯ ಚೀಲ ಈಗ ಯಾರ ಮನೆಯ ಬಾಲ್ಕನಿಯಲ್ಲಿಲ್ಲ ಹೇಳಿ? ಮಾಡುವುದಾದರೆ ಮಾರ್ಗಶಿರದ ಚಳಿಗೆ ಸರಿಯಾಗಿ, ಲದ್ದಿಯಿಂದಲೇ ಶುರುಮಾಡಿ ಮಾಡಬೇಕು.

"ಮನೆಮಟ್ಟಿಗೆ ಒಂದು ಬಕೆಟ್ ಸಾಕಲ್ಲವೇ?" ಎಂದು ನಮ್ಮವರು ಆಸೆಯಿಂದ ಕೇಳಿದರು. ಸಾಕಾಗುವುದಿಲ್ಲ. ಈ ವಿದ್ಯೆಯ ಕಷ್ಟವಿರುವುದೇ ಇಲ್ಲಿ. ಗುಂಡಣಬೆ ಬೆಳೆಯುವುದು ಹುಲ್ಲು, ಲದ್ದಿ ಬೆಂದು ಆದ ಕಾಂಪೋಸ್ಟಿನ ಮೇಲೆ. ಅವು ಬೇಯುವುದು ಒಲೆಯಿಂದಲ್ಲ, ಒಳಗಿನ ಸೂಕ್ಷ್ಮಜೀವಿಗಳ ಉಸಿರಿನ ಕಾವಿನಿಂದ. ರಾಶಿ ಸಣ್ಣದಾದರೆ ಹುಟ್ಟಿದ ಕಾವೆಲ್ಲ ಆಚೆ ಹೋಗುತ್ತದೆ. ಕನಿಷ್ಠ ಮೂರಡಿ ಅಗಲ, ಮೂರಡಿ ಎತ್ತರವಾದರೂ ಇದ್ದರೆ ಮಾತ್ರ ನಡುವೆ 70 ಡಿಗ್ರಿ ದಾಟುತ್ತದೆ. ಎರಡು ಹಿಡಿ ಅಣಬೆ ಬೇಕಿದ್ದರೂ ಗೊಬ್ಬರ ಮಾತ್ರ ಗಾಡಿಗಟ್ಟಲೆ ಬೇಕು. ಬಕೆಟ್ ಎಂದವರ ಸ್ಕೂಟರಿನಲ್ಲೇ ಆಮೇಲೆ ಕೋಳಿ ಗೊಬ್ಬರ ಬಂತು.

ಲದ್ದಿಗಾಗಿ ಟಾಂಗಾದ ತಾತನನ್ನು ಹಿಡಿದೆ. ಲಾಯದಲ್ಲಿ ಹುಲ್ಲು, ಗಂಜಲದೊಂದಿಗೆ ಕಲೆತ ತಾಜಾ ಲದ್ದಿ ಗೋಣಿಚೀಲಗಳಲ್ಲಿ ತುಂಬಿತ್ತು. ದುಡ್ಡು ಎಣಿಸಿ ಕೊಟ್ಟೆ.

"ಗುಲಾಬಿ ಗಿಡಕ್ಕೇನಮ್ಮಾ?"

"ಇಲ್ಲ ತಾತ, ಅಣಬೆ ಬೆಳೆಯುವುದಕ್ಕೆ."

"ಅಣಬೆ ಏನು ಮಾಡುತ್ತೀರಿ?"

"ತಿನ್ನುತ್ತೇವೆ."

ತಾತ ನನ್ನನ್ನು ನೋಡಿದ, ಚೀಲ ನೋಡಿದ, ಕುದುರೆಯನ್ನು ನೋಡಿದ. ಕುದುರೆ ಮುಖ ತಿರುಗಿಸಿತು. ಆತ ಎಣಿಸಿಕೊಂಡ ದುಡ್ಡನ್ನು ನನ್ನ ಕೈಗೆ ಮರಳಿಸಿ, "ಇರಲಿ ಅಮ್ಮಾ, ಮಕ್ಕಳಿಗೆ ಏನಾದರೂ ಕೊಡಿಸಿ" ಎಂದ. ನಮ್ಮ ಮನೆಯ ಸ್ಥಿತಿಗತಿಯ ಬಗ್ಗೆ ಆತ ಏನು ಊಹಿಸಿಕೊಂಡನೋ, ಅದನ್ನು ತಿದ್ದುವಷ್ಟು ಸಮಯ ನನಗಿರಲಿಲ್ಲ. ಆಟೋದವನು ಆಗಲೇ ಮೂಗು ಮುಚ್ಚಿಕೊಂಡು ಮೀಟರಿನ ಮೇಲೆ ಇನ್ನೆಷ್ಟು ಕೇಳಬೇಕೆಂದು ಲೆಕ್ಕ ಹಾಕುತ್ತಿದ್ದ.

ರಾಶಿಗೆ ಜಿಪ್ಸಂ, ಯೂರಿಯಾಗಳೂ ಬೇಕು. ಗೊಬ್ಬರದ ಅಂಗಡಿಯಲ್ಲಿ ಜಿಪ್ಸಂ ಸುಲಭವಾಗಿ ಸಿಕ್ಕಿತು. ಯೂರಿಯಾ ಕೇಳಿದ ಕೂಡಲೇ ಅಂಗಡಿಯವನು "ಎಷ್ಟು ಎಕರೆ?" ಎಂದ. "ಹಿತ್ತಲು" ಎಂದೆ. ರಿಯಾಯಿತಿ ಗೊಬ್ಬರವಾದ್ದರಿಂದ ಆಧಾರ್ ಸಂಖ್ಯೆ ಕೊಟ್ಟು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕಂತೆ. ಎಂ.ಎ. ಓದಿದವಳು ಗೊಬ್ಬರದ ಅಂಗಡಿಯಲ್ಲಿ ಹೆಬ್ಬೆಟ್ಟಾದೆ. ಅದನ್ನಾದರೂ ಯಂತ್ರ ಒಪ್ಪಿತೇ? ಪಾತ್ರೆ ಉಜ್ಜಿ ಉಜ್ಜಿ ಸವೆದ ಬೆರಳಿಗೆ ಅದು ಕೆಂಪು ದೀಪ ತೋರಿಸುತ್ತಲೇ ಹೋಯಿತು. ಸೆರಗಿಗೆ ಒರೆಸಿ, ಊದಿ, ಮತ್ತೆ ಒತ್ತಿ, ನನ್ನ ಹಿಂದೆ ನಿಂತಿದ್ದ ನಿಜವಾದ ರೈತರ ಬಾಯಿಂದ ಪುಕ್ಕಟೆ ಸಲಹೆಗಳನ್ನು ಪಡೆದು, ಅಂತೂ 45 ಕಿಲೋ ಚೀಲದ ಒಡತಿಯಾದೆ. ನನಗೆ ಬೇಕಾಗಿದ್ದದ್ದು ನಾಲ್ಕು ಬೊಗಸೆ.

ಇನ್ನು ಅತ್ತೆಯವರು. ಹಾಸನದ ಕಡೆಯ ಹಳ್ಳಿಯವರು, ಮಡಿ ಸ್ವಲ್ಪ ಹೆಚ್ಚು. ಲದ್ದಿ ಅಂಗಳಕ್ಕೆ ಬಂದ ದಿನ ಮನೆಯಲ್ಲಿ ರಾಮಾಯಣವಾಗುತ್ತದೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವರು ಹೊರಗೆ ಬಂದು, ರಾಶಿಯನ್ನು ಒಂದು ಸುತ್ತು ಹಾಕಿ, "ಇದೇನಮ್ಮಾ, ತಿಪ್ಪೆ ಹೀಗಾ ಹಾಕುವುದು? ಬುಡ ತುಳಿದುಬಿಟ್ಟಿದ್ದೀಯ, ಗಾಳಿ ಎಲ್ಲಿಂದ ಆಡಬೇಕು?" ಎಂದು ಸೆರಗು ಸಿಕ್ಕಿಸಿದರು. ಮದುವೆಯಾಗಿ ಪಟ್ಟಣಕ್ಕೆ ಬರುವವರೆಗೆ ಅವರ ಅಪ್ಪನ ಮನೆಯ ತಿಪ್ಪೆ ಅವರದೇ ಆಡಳಿತದಲ್ಲಿತ್ತು ಎಂಬುದು ನನಗೆ ಆಗ ತಿಳಿಯಿತು. ಇಷ್ಟು ವರ್ಷ ನನ್ನ ಸಾರು, ಹುಳಿ, ಗೊಜ್ಜುಗಳಿಗೆ ಬೀಳುತ್ತಿದ್ದ ಟೀಕೆಯೆಲ್ಲ ಆ ದಿನದಿಂದ ರಾಶಿಯ ಕಡೆಗೆ ತಿರುಗಿತು. ಅಡುಗೆಮನೆಯಲ್ಲಿ ನನಗೆ ಸಿಕ್ಕ ನೆಮ್ಮದಿಯನ್ನು ಲಾಭದ ಕಡೆಗೇ ಬರೆದುಕೊಂಡಿದ್ದೇನೆ.

ಹಳೆಯ ಪದ್ಧತಿಯ ಪ್ರಕಾರ ಈ ಕಾಂಪೋಸ್ಟಿಗೆ 28 ದಿನ ಹಿಡಿಯುತ್ತದೆ. ಆರನೆಯ ದಿನ ಮೊದಲ ಸಲ ಮಗುಚಬೇಕು, ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ. ಮಗುಚುವುದೆಂದರೆ ಸುಮ್ಮನೆ ಕಲಕುವುದಲ್ಲ. ಹೊರಗಿನದು ಒಳಗೆ ಹೋಗಬೇಕು, ಒಳಗಿನದು ಹೊರಗೆ ಬರಬೇಕು, ಮೇಲಿನದು ಬುಡಕ್ಕೆ ಇಳಿಯಬೇಕು. ಮೂರನೆಯ ಮಗುಚಿಗೆ ಜಿಪ್ಸಂ. ನಾನು ಅಡುಗೆಗೆ ತಂದಿದ್ದ ಥರ್ಮಾಮೀಟರನ್ನು ರಾಶಿಗೆ ಚುಚ್ಚಲು ಹೋದರೆ ಅತ್ತೆ ತಡೆದರು. ಹಾರೆಯನ್ನು ನಡುವಿಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ತುದಿಯನ್ನು ಅಂಗೈಯಿಂದ ಮುಟ್ಟಿ, "ಹ್ಞಾ!" ಎಂದು ಥಟ್ಟನೆ ಕೈ ತೆಗೆದರು. "ಬಂದಿದೆ ಕಾವು." ಥರ್ಮಾಮೀಟರ್ ಹೇಳಿದ್ದೂ ಅದನ್ನೇ, ಸ್ವಲ್ಪ ತಡವಾಗಿ.

ಇಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆದಿತ್ತು. ಕೆಡಿಸಿದ್ದು ಪಕ್ಕದ ಮನೆಯ ರಾಯರು.

ಡಿಸೆಂಬರಿನ ಬೆಳಗು, ಒಳ್ಳೆಯ ಚಳಿ. ಅತ್ತೆ ಗುದ್ದಲಿಯಿಂದ ರಾಶಿಯ ನೆತ್ತಿ ಬಿಡಿಸಿದ ಕೂಡಲೇ ಒಳಗಿದ್ದ ಹಬೆ ದಪ್ಪ ಕಂಬವಾಗಿ ಎದ್ದು ಕಾಂಪೌಂಡ್ ದಾಟಿ ಮೇಲಕ್ಕೆ ಹೋಯಿತು. ರಾಯರು ಆಗ ತಮ್ಮ ಮಹಡಿಯ ಮೇಲೆ ಪ್ರಾಣಾಯಾಮಕ್ಕೆ ಕುಳಿತಿದ್ದರು. ಎಲ್ಲಿ ಹೊಗೆಯುಂಟೋ ಅಲ್ಲಿ ಬೆಂಕಿಯುಂಟು ಎಂಬುದು ತರ್ಕಶಾಸ್ತ್ರದ ಮೊದಲ ಪಾಠ. ಹಬೆಯನ್ನು ಹೊಗೆಯೆಂದು ಭ್ರಮಿಸುವ ದೋಷವನ್ನೂ ಅದೇ ಶಾಸ್ತ್ರ ಹೇಳಿದೆ, ಆದರೆ ರಾಯರು ಅಷ್ಟು ಪುಟ ಮಗುಚಿರಲಿಲ್ಲ. ನಿವೃತ್ತ ಇಂಜಿನಿಯರ್, ಕಾರ್ಯತತ್ಪರರು. "ಬೆಂಕಿ! ಬೆಂಕಿ!" ಎಂದು ಕೂಗುತ್ತಾ ಕ್ರೋಟನ್ ಗಿಡಗಳಿಗೆ ನೀರು ಬಿಡುವ ಪೈಪನ್ನು ನಮ್ಮ ಹಿತ್ತಲಿಗೆ ತಿರುಗಿಸಿಯೇಬಿಟ್ಟರು. ಅತ್ತೆ ಕೆಳಗಿನಿಂದ "ಅದು ಹೊಗೆಯಲ್ಲ ರಾಯರೇ, ಹಬೆ!" ಎಂದು ಕಿರುಚಿದಷ್ಟೂ ನೀರು ಬಿದ್ದಲ್ಲಿ ಹಬೆ ಇನ್ನೂ ಜೋರಾಗಿ ಎದ್ದಿತು. ಹಬೆ ಎದ್ದಷ್ಟೂ ರಾಯರು ನಲ್ಲಿಯನ್ನು ಇನ್ನಷ್ಟು ತಿರುಗಿಸಿದರು. ನಾನು ಕಾಫಿ ಲೋಟ ಹಿಡಿದು ಹೊರಗೆ ಓಡಿಬರುವಷ್ಟರಲ್ಲಿ ಅತ್ತೆಗೆ ಸಚೇಲ ಸ್ನಾನವಾಗಿತ್ತು. ಅವರು ನೆನೆದದ್ದು ದೊಡ್ಡದಲ್ಲ, ಸೀರೆ ಬದಲಾಯಿಸಿದರೆ ಮುಗಿಯಿತು. ರಾಶಿಗೆ ಏನು ಬದಲಾಯಿಸುವುದು?

ಈ ವಿದ್ಯೆಯಲ್ಲಿ ನೀರಿನ ಅಳತೆಗೆ ಅಂಗೈಯೇ ಪ್ರಮಾಣ. ಒಂದು ಹಿಡಿ ಕಾಂಪೋಸ್ಟನ್ನು ಬಿಗಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ನಾಲ್ಕು ಹನಿ ಕಾಣಿಸಿಕೊಳ್ಳಬೇಕು, ಅಷ್ಟೇ. ಆ ದಿನ ಹಿಂಡುವ ಮೊದಲೇ ಮೊಣಕೈಯವರೆಗೆ ಕಷಾಯ ಇಳಿಯಿತು. ನೀರು ಹೆಚ್ಚಾದರೆ ಹುಲ್ಲಿನ ಸಂದಿಗಳಲ್ಲಿದ್ದ ಗಾಳಿ ಹೊರಗೆ ಹೋಗುತ್ತದೆ. ಗಾಳಿ ಬೇಕಾದ ಜೀವಿಗಳು ಸೋಲುತ್ತವೆ, ಗಾಳಿ ಬೇಡದವು ಪಟ್ಟಕ್ಕೆ ಬರುತ್ತವೆ. ಅವುಗಳ ಆಳ್ವಿಕೆಯ ವಾಸನೆ ಹೇಗಿರುತ್ತದೆಂದರೆ, ಅದಕ್ಕಿಂತ ಮೊದಲಿದ್ದ ಕೋಳಿ ಗೊಬ್ಬರದ ಅಮೋನಿಯಾವನ್ನು, ಕಣ್ಣಲ್ಲಿ ನೀರು ತರಿಸುತ್ತಿದ್ದ ಅದೇ ಅಮೋನಿಯಾವನ್ನು, ನಾವು ಮನೆಮಂದಿಯೆಲ್ಲ ಗತವೈಭವವೆಂದು ನೆನೆಸಿಕೊಂಡೆವು. ನಮ್ಮವರು ಕಚೇರಿಗೆ ಹಾಕುವ ಶರಟುಗಳನ್ನು ತಮ್ಮನ ಮನೆಯಲ್ಲಿ ಒಣಹಾಕತೊಡಗಿದರು. ಹಾಲಿನವನು ಗೇಟಿನ ಹೊರಗೇ ಪ್ಯಾಕೆಟ್ ಇಟ್ಟು ಓಡಿದ.

ಮರುದಿನ ಸಂಜೆ ರಾಯರು ಗೇಟಿನ ಬಳಿ ಬಂದು, ಕರವಸ್ತ್ರವನ್ನು ಮೂಗಿಗೆ ಒತ್ತಿ ಹಿಡಿದು, ದುರ್ವಾಸನೆಯ ಬಗ್ಗೆ ದೂರು ಹೇಳಿದರು. ಪಾಲಿಕೆಗೆ ಅರ್ಜಿ ಕೊಡಬೇಕಾಗುತ್ತದೆ ಎಂದರು. ಅತ್ತೆ ಶಾಂತವಾಗಿಯೇ ಉತ್ತರಿಸಿದರು: "ಕೊಡಿ ರಾಯರೇ. ಅರ್ಜಿಯಲ್ಲಿ ನೀರು ಬಿಟ್ಟವರ ಹೆಸರನ್ನೂ ಬರೆಯಿರಿ." ಅರ್ಜಿ ಹೋಗಲಿಲ್ಲ. ರಾಯರು ಪ್ರಾಣಾಯಾಮವನ್ನು ಮುಂಬದಿಯ ವರಾಂಡಕ್ಕೆ ವರ್ಗಾಯಿಸಿಕೊಂಡರು.

ಆಮೇಲೆ ನಾವು ಅತ್ತೆ ಸೊಸೆ ರಾಶಿಯನ್ನು ಪೂರ್ತಿ ಬಿಚ್ಚಿ ಹರವಿ, ಒಣಹುಲ್ಲು ಸೇರಿಸಿ, ಜಿಪ್ಸಂ ಎರಚಿ ಮತ್ತೆ ಕಟ್ಟಿದೆವು. ಅಂಟಂಟಾದ ಗೊಬ್ಬರವನ್ನು ಬಿಡಿಬಿಡಿ ಮಾಡುವುದರಲ್ಲಿ ಜಿಪ್ಸಂಗೆ ಸಾಟಿಯಿಲ್ಲ. ಪಂಚಾಂಗದ ಲೆಕ್ಕ ತಪ್ಪಿತು, 28 ಎಂದಿದ್ದದ್ದು ಎಳೆದುಕೊಂಡು ಹೋಯಿತು. ಆದರೂ ಒಂದು ದಿನ ಬಿಡಿಸಿ ನೋಡಿದರೆ ಹುಲ್ಲು ಕಡುಕಂದಾಗಿ, ಎಳೆದರೆ ಮೆತ್ತಗೆ ತುಂಡಾಗುತ್ತಿತ್ತು. ನಡುನಡುವೆ ಬಿಳಿಯ ಪುಡಿಚುಕ್ಕೆ ಮೂಡಿತ್ತು, ಬಿಸಿಯಲ್ಲೇ ಬಾಳುವ ಒಳ್ಳೆಯ ಜೀವಿಗಳ ಗುರುತು ಅದು. ಅತ್ತೆ ಒಂದು ಹಿಡಿಯನ್ನು ಮೂಗಿನ ಹತ್ತಿರ ಒಯ್ದು, ಕಣ್ಣು ಮುಚ್ಚಿ, ಹದಿನೈದು ವರ್ಷಗಳಿಂದ ನನ್ನ ಯಾವ ಅಡುಗೆಗೂ ಹೇಳದ ಮಾತನ್ನು ಹೇಳಿದರು: "ಹದವಾಗಿದೆ."

ಬೇಯಿಸಿದ ಜೋಳದ ಕಾಳುಗಳ ಮೇಲೆ ಬೆಳೆಸಿದ ಅಣಬೆ ಬೀಜವನ್ನು ಬೆರೆಸಿ, ಚೀಲಗಳಿಗೆ ತುಂಬಿ, ಮೆಟ್ಟಿಲಿನ ಕೆಳಗಿನ ಕತ್ತಲಲ್ಲಿ ಸಾಲಾಗಿ ಇಟ್ಟೆವು. ಸುತ್ತ ಒದ್ದೆ ಗೋಣಿಚೀಲ. ಚಪ್ಪಲಿಗಳು, ಹಳೆಯ ಪತ್ರಿಕೆಗಳು, ನಮ್ಮವರ ಕ್ಯಾರಂ ಬೋರ್ಡು ವನವಾಸಕ್ಕೆ ಹೊರಟವು. ಮೊದಲ ಅಣಬೆ ಕಂಡವರೂ ನಮ್ಮವರೇ. ಬೆಳಿಗ್ಗೆ ಸಣಕಲು ಕಾಲಿನ, ಉದ್ದ ಟೊಪ್ಪಿಗೆಯ ಒಂದಿಷ್ಟು ಸುಂದರಾಂಗರು ಚೀಲದ ಮೇಲೆ ನಿಂತಿದ್ದರು. ಫೋಟೊ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿ, "ಮನೆಯ ಬೆಳೆ" ಎಂದು ಬರೆದರು. ಬೆಂಗಳೂರು, ಶಿವಮೊಗ್ಗ, ನ್ಯೂಜೆರ್ಸಿಗಳಿಂದ ಅಭಿನಂದನೆಗಳು ಬರುತ್ತಿರುವಾಗಲೇ, ಇಲ್ಲಿ ಮೆಟ್ಟಿಲ ಕೆಳಗೆ, ಬೆಳೆ ಕರಗಿ ಕಪ್ಪು ಶಾಯಿಯಾಗಿ ಹರಿಯತೊಡಗಿತು. ಅದು ಮಸಿಯಣಬೆ. ಕಾಂಪೋಸ್ಟಿನಲ್ಲಿ ಅಮೋನಿಯಾ ಇನ್ನೂ ಉಳಿದಿದ್ದರೆ ಕರೆಯದೆ ಬಂದು, ಕೆಲವೇ ಗಂಟೆಗಳಲ್ಲಿ ಕರಗಿ ಹೋಗುವ ಜಾತಿ. "ರಾಯರ ನೀರು" ಎಂದರು ಅತ್ತೆ. ಆ ತಿಂಗಳು ಮನೆಯಲ್ಲಿ ಹಾಲು ಒಡೆದದ್ದಕ್ಕೂ ಅದೇ ಕಾರಣವಾಗಿತ್ತು. ನಮ್ಮವರ ಚಿಕ್ಕಪ್ಪ ಗುಂಪಿನಲ್ಲಿ "ತಿಪ್ಪೆ ಮೇಲೆ ಮಲಗಿ ಉಪ್ಪರಿಗೆ ಕನಸು ಕಂಡ" ಎಂಬ ಗಾದೆಯನ್ನು ಹಾಕಿ ಕೆಳಗೆ ನಗುವ ಮುಖ ಅಂಟಿಸಿದರು. ಚಿಕ್ಕಪ್ಪನವರ ಬಾಲ್ಕನಿಯಲ್ಲಿ ಚಿಪ್ಪಣಬೆಯ ಚೀಲಗಳಿವೆ.

ಚೀಲದೊಳಗೆ ಬಿಳಿ ಎಳೆಗಳು ಹರಡಿಕೊಂಡ ಮೇಲೆ, ಮೇಲ್ಮಣ್ಣು ಹೊದಿಸಿ, ದಿನಾ ತುಂತುರು ನೀರು ಹಾಕಿ, ರಾತ್ರಿ ಕಿಟಕಿ ತೆರೆದಿಟ್ಟು ನಾವೆಲ್ಲ ಶಾಲು ಹೊದ್ದು ಮಲಗಿದ ಮೇಲೆ, ಸಂಕ್ರಾಂತಿ ಕಳೆದು ಗುಂಡಣಬೆ ಬಂತು. ಮಣ್ಣು ಸೀಳಿಕೊಂಡು ಮೊದಲು ಗುಂಡುಸೂಜಿಯ ತಲೆ, ನಾಲ್ಕೈದು ದಿನಕ್ಕೆ ಗುಂಡಿ. ತಿರುಚಿ ಕಿತ್ತು, ಬುಡದ ಮಣ್ಣು ಕೊಯ್ದು, ಒಂದು ಹೊತ್ತಿನ ಪಲ್ಯಕ್ಕಾಗುವಷ್ಟನ್ನು ತಟ್ಟೆಯಲ್ಲಿ ತಂದಿಟ್ಟೆ. ನಮ್ಮವರು ಅದನ್ನು ಉಪ್ಪುನೀರಿನಲ್ಲಿ, ಅರಿಶಿನದ ನೀರಿನಲ್ಲಿ, ಮತ್ತೆ ಬರಿಯ ನೀರಿನಲ್ಲಿ ತೊಳೆದು, ಆಮೇಲೂ ಒಮ್ಮೆ ಮೂಸಿ ನೋಡಿಯೇ ಬಾಣಲೆಗೆ ಬಿಟ್ಟರು.

ಅತ್ತೆಯವರು ಹುತ್ತದ ಅಣಬೆ ತಿಂದು ಬೆಳೆದವರು. ಗುಡುಗು ಬಂದ ಮರುದಿನ ಹೊಲದ ಬದುವಿನಲ್ಲಿ ಏಳುವ ಆ ಅಣಬೆಯನ್ನು ಬೇಸಾಯ ಮಾಡುವವು ಗೆದ್ದಲುಗಳೇ. ಅವು ಯಾವ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತುವುದಿಲ್ಲ, ಮನುಷ್ಯರಿಗೆ ಗುಟ್ಟನ್ನೂ ಬಿಟ್ಟುಕೊಟ್ಟಿಲ್ಲ. ಪಲ್ಯದ ತಟ್ಟೆಯನ್ನು ಅವರ ಮುಂದಿಟ್ಟೆ. ನೋಡಿದರು, ದೂರ ಸರಿಸಿದರು.

"ಹುತ್ತದ್ದು ನಾಗಪ್ಪ ಕೊಡುವುದಮ್ಮಾ. ಇದು ಕುದುರೆ ಕೊಟ್ಟದ್ದು. ನೀವೇ ತಿನ್ನಿ."

ಅಲ್ಲಿಗೆ ನಾನು ಅವರು ಈ ವ್ಯವಹಾರದಿಂದ ನಿವೃತ್ತರಾದರೆಂದುಕೊಂಡೆ. ಮರುವಾರ ಮಧ್ಯಾಹ್ನ ಗೇಟಿನ ಮುಂದೆ ಗೊರಸಿನ ಸದ್ದು. ಟಾಂಗಾದ ತಾತ, ಹಿಂದಿನ ಸೀಟಿನ ತುಂಬ ಗೋಣಿಚೀಲ. ನಾನು ಹೇಳಿ ಕಳಿಸಿರಲಿಲ್ಲ. ಅತ್ತೆ ಆಗಲೇ ಸೆರಗು ಸಿಕ್ಕಿಸಿ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಚೀಲ ಹೊತ್ತು ತಂದವನಿಗೆ ಹಳೆಯ ಜಾಗವನ್ನು ದಾಟಿ ಕೈ ತೋರಿಸಿದರು.

"ಇಲ್ಲಿ ಬೇಡಪ್ಪಾ, ಆ ಸೀಬೆ ಮರದ ಆಚೆಗೆ ಸುರಿ. ರಾಯರ ಪೈಪು ಅಲ್ಲಿಗೆ ಎಟುಕುವುದಿಲ್ಲ."