ತುಕ್ಕು ಕತ್ತಿಯ ವಾರಸುದಾರರು

ಬ್ರಿಟನ್ನಿನ ಮೇಲ್ಮನೆಯಲ್ಲಿ ಹುಟ್ಟಿನ ಬಲದಿಂದಲೇ ಕೂತಿದ್ದ ಲಾರ್ಡ್‌ಗಳನ್ನು ಮನೆಗೆ ಕಳಿಸುವ ಮಸೂದೆ 2024ರಲ್ಲಿ ಬಂತಲ್ಲ, ಆಗ ಸಂಪ್ರದಾಯವೇ ಮುಳುಗಿಹೋಯಿತು ಅನ್ನುವ ಗೋಳಾಟ ಕೇಳಿ ನನಗೂ ಹೊಟ್ಟೆ ಚುರುಕ್ ಎಂದಿತು. ಪಾಪ, ಅವರೇನು ಚುನಾವಣೆಗೆ ಹೆದರುವವರೇ? 1999ರಲ್ಲಿ ನೂರಾರು ಮಂದಿಯನ್ನು ಹೊರಗೆ ಹಾಕಿ 92 ಜನರನ್ನು ಉಳಿಸಿಕೊಂಡರು. ಅವರಲ್ಲಿ ಯಾರಾದರೂ ತೀರಿಕೊಂಡರೆ ಉಪಚುನಾವಣೆ ನಡೆಯುತ್ತಿತ್ತು. 2016ರದ್ದು ನೆನಪಿದೆ ತಾನೆ? ಲಿಬರಲ್ ಡೆಮಾಕ್ರಾಟ್ ಪಕ್ಷದ ಪಾಲಿನ ಒಂದು ಸೀಟು. ಅಭ್ಯರ್ಥಿಗಳು 7, ಮತದಾರರು, ಅಂದರೆ ಆ ಪಕ್ಷದ ವಂಶಪಾರಂಪರ್ಯ ಲಾರ್ಡ್‌ಗಳು, 3. ಮೂರೂ ಮತ ವೈಕೌಂಟ್ ಥರ್ಸೋಗೆ ಬಿದ್ದವು. ಬ್ಯಾನರ್ ಇಲ್ಲ, ಮೈಕ್ ಇಲ್ಲ, ಶೇಕಡಾ 100 ಮತದಾನ. ಉಳಿದ ಆರು ಮಂದಿಗೆ ದೊಡ್ಡ ಸೊನ್ನೆ. ಇಷ್ಟು ಶಿಸ್ತಿನ ಚುನಾವಣೆ ಪ್ರಪಂಚದಲ್ಲಿ ಇನ್ನೆಲ್ಲಿದೆ ಹೇಳಿ!

ಸ್ಪರ್ಧಿಸಲು ಅರ್ಹತೆ? ಮುತ್ತಾತನ ಮುತ್ತಾತ ಯಾರಿಗೋ ಬೇಕಾದವನಾಗಿದ್ದರೆ ಸಾಕಿತ್ತು.

ಈ ವಿಷಯದಲ್ಲಿ ಹಳೇ ಕಾಲದ ದೊಡ್ಡ ಜಮೀನ್ದಾರರು, ಅಂದರೆ ಅರ್ಲ್‌ಗಳೇ ವಾಸಿ. 13ನೇ ಶತಮಾನದಲ್ಲಿ ಒಂದನೇ ಎಡ್ವರ್ಡ್ ರಾಜ, ನಿಮ್ಮ ಜಮೀನು, ಅಧಿಕಾರ ಯಾವ ಆಧಾರದ ಮೇಲೆ ನಿಮ್ಮದು ಅಂತ ಎಲ್ಲರನ್ನೂ ವಿಚಾರಿಸಲು ನ್ಯಾಯಾಧೀಶರನ್ನು ಕಳಿಸಿದ. ಸರ್ರೆಯ ಅರ್ಲ್ ಜಾನ್ ಡಿ ವಾರೆನ್ ಆ ನ್ಯಾಯಾಧೀಶರ ಮುಂದೆ ಒಂದು ತುಕ್ಕು ಹಿಡಿದ ಕತ್ತಿ ಎಳೆದು ತೋರಿಸಿದನಂತೆ. ನಮ್ಮ ಹಿರಿಯರು ಇಂಗ್ಲೆಂಡ್ ಗೆದ್ದ ವಿಲಿಯಂ ರಾಜನ ಜೊತೆ ಬಂದು ಇದರಿಂದಲೇ ಗೆದ್ದದ್ದು, ಇದೇ ನನ್ನ ದಾಖಲೆ ಅಂದನಂತೆ. ಪಹಣಿ ಕೇಳಿದರೆ ಮಚ್ಚು ತೋರಿಸಿದ ಹಾಗಾಯ್ತು. ಕಥೆ ನಿಜವೇ ಅಂತ ಇತಿಹಾಸಕಾರರಿಗೆ ಅನುಮಾನವಿದೆ. ಇರಲಿ, ದೋಚಿದ್ದೇವೆ ಅಂತ ಬಾಯಿಬಿಟ್ಟು ಹೇಳಿದನಲ್ಲ, ಅದು ದೊಡ್ಡದು. ಆಮೇಲಿನವರು ಅದನ್ನೇ ‘ರಕ್ತ’ ಅಂತ ಕರೆದರು.

ರಕ್ತ ಅಂದಾಗ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ನೆನಪಾಗುತ್ತದೆ. 1485ರ ಯುದ್ಧದಲ್ಲಿ ಸತ್ತ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್‌ನ ಮೂಳೆ 2012ರಲ್ಲಿ ಸಿಕ್ಕಿದ್ದು ಅಲ್ಲೇ. ಡಿಎನ್ಎ ಪರೀಕ್ಷೆ ಆಯಿತು. ತಾಯಿಯ ಕಡೆಯ ಎಳೆ ಹಿಡಿದು ಹೋದರೆ ಲಂಡನ್ನಿನಲ್ಲಿ ಮರಗೆಲಸ ಮಾಡುವ ಒಬ್ಬರ ಜೊತೆ ಸರಿಹೋಯಿತು. ರಾಜನ ಶವಪೆಟ್ಟಿಗೆ ಮಾಡಿಕೊಟ್ಟವರೂ ಅವರೇ. ತಂದೆಯ ಕಡೆಯಿಂದ ನೋಡೋಣ ಅಂತ ಆ ಕಡೆಯ ನೆಂಟರಾದ ಬೋಫರ್ಟ್ ವಂಶದ ಐವರನ್ನು ಪರೀಕ್ಷಿಸಿದರು. ಆ ವಂಶದ ಮೂಲದ ಮಕ್ಕಳು ಮದುವೆಗೆ ಮೊದಲೇ ಹುಟ್ಟಿದವರು. 1397ರಲ್ಲಿ ಪಾರ್ಲಿಮೆಂಟಿನಲ್ಲಿ ಅವರನ್ನು ಸಕ್ರಮ ಮಾಡಿ, ಹಿರಿಯವನನ್ನು ಸಾಮರ್ಸೆಟ್ ಅರ್ಲ್ ಮಾಡಿದ್ದರು. ಅಕ್ರಮ-ಸಕ್ರಮ ಯೋಜನೆ ಇವತ್ತಿನದೇನಲ್ಲ ನೋಡಿ. 2014ರಲ್ಲಿ ಫಲಿತಾಂಶ ಬಂತು. ಐವರಲ್ಲಿ ಒಬ್ಬರೂ ರಿಚರ್ಡ್‌ಗೆ ಹೊಂದಲಿಲ್ಲ. ಅಷ್ಟೇ ಅಲ್ಲ, ನಾಲ್ವರ ಜೊತೆ ಐದನೆಯವರೂ ಹೊಂದಲಿಲ್ಲ! ಚರ್ಮದ ಹಾಳೆಯ ಮೇಲಿನ ವಂಶವೃಕ್ಷ ಮಾತ್ರ ಒಂದು ಎಲೆಯೂ ಉದುರದೆ ನಿಂತಿದೆ. ಎಲ್ಲಿ ತಪ್ಪಿತು ಅಂತ ಯಾವುದೋ ಮುತ್ತಜ್ಜಿಗೆ ಗೊತ್ತಿತ್ತು, ಆಕೆ ಸುಮ್ಮನಿದ್ದಳು.

ನಗು ಬರುತ್ತೆ, ಅಲ್ವಾ? ಆದರೆ ಇದೇ ರಕ್ತದ ಹೆಸರಿನಲ್ಲಿ ಎಡ್ವರ್ಡ್ ಅನ್ನುವ ಹುಡುಗನನ್ನು ಏನು ಮಾಡಿದರು? ರಿಚರ್ಡ್‌ನ ಅಣ್ಣನ ಮಗ, ವಾರ್ವಿಕ್‌ನ ಅರ್ಲ್. ರಿಚರ್ಡ್ ಸತ್ತು ಏಳನೇ ಹೆನ್ರಿ ಗದ್ದುಗೆ ಹತ್ತಿದಾಗ ಅವನಿಗೆ ಸುಮಾರು ಹತ್ತು ವರ್ಷ. ಹೆನ್ರಿಯದ್ದು ಅದೇ ಸಕ್ರಮವಾದ ಬೋಫರ್ಟ್ ಕವಲು, ಹುಡುಗನದ್ದು ಅದಕ್ಕಿಂತ ಗಟ್ಟಿ ಹಕ್ಕು. ಅದೇ ಅವನ ಅಪರಾಧ. ಲಂಡನ್ ಟವರ್‌ನಲ್ಲಿ ಕೂಡಿ ಹಾಕಿದರು. 1499ರಲ್ಲಿ, 24ರ ವಯಸ್ಸಿನಲ್ಲಿ, ತಲೆ ಕಡಿದರು. ಅವನ ಅಕ್ಕ ಮಾರ್ಗರೆಟ್‌ಳನ್ನು ಮುದುಕಿಯಾಗುವವರೆಗೂ ಬದುಕಲು ಬಿಟ್ಟು 1541ರಲ್ಲಿ ಕಡಿದರು. ಇದಕ್ಕೆ ಏನು ಜೋಕ್ ಮಾಡೋದು? ಮನೆತನದ ಘನತೆ ಅಂತ ಭಾಷಣ ಕೇಳಿದಾಗಲೆಲ್ಲ ನನಗೆ ಸುಸ್ತಾಗುತ್ತದೆ. ಘನತೆಯ ಬೆಲೆ ಕೊಟ್ಟದ್ದು ಆ ಹುಡುಗ, ಕುರ್ಚಿ ಸಿಕ್ಕಿದ್ದು ಇನ್ಯಾರದೋ ಮೊಮ್ಮಕ್ಕಳಿಗೆ.

ನಮ್ಮ ಕಡೆಗೂ ಒಬ್ಬ ಅರ್ಲ್ ಬಂದಿದ್ದ. ಮಧ್ಯಯುಗದವನಲ್ಲ, ಅಭ್ಯಾಸ ಮಾತ್ರ ಅದೇ. ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಕೂತು ಟಿಪ್ಪುವಿನ ಅರ್ಧ ರಾಜ್ಯದ ಜೊತೆಗೆ ಇಬ್ಬರು ಚಿಕ್ಕ ಮಕ್ಕಳನ್ನೂ ಒತ್ತೆಯಾಗಿ ಇಸ್ಕೊಂಡ. ಅದೇ ವರ್ಷ ಅರ್ಲ್‌ನಿಂದ ಮಾರ್ಕ್ವೆಸ್‌ಗೆ ಬಡ್ತಿ. ಆ ದೊಡ್ಡ ಪದವಿ ಅವನ ಮಗನ ಕಾಲಕ್ಕೇ, 1823ರಲ್ಲಿ, ಮುಗಿದುಹೋಯಿತು. ವಾರಸುದಾರರಿಲ್ಲ ಅಂದರು. ಹೆಣ್ಣುಮಕ್ಕಳಿದ್ದರು, ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅಷ್ಟೆ.